ಟೈಲರಕ್ಕ ಹೊಲಿಯದ ಲಂಗ

ಬಟ್ಟೆಗೆ ಕತ್ತರಿ ಹಾಕುವ ಮೊದಲು ಅವರಿಗೆ ಯಾರಾದರೊಬ್ಬರು ಒಪ್ಪಿಗೆ ಕೊಡಬೇಕಿತ್ತು. ಅಳತೆ ಹಿಡಿದು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅದನ್ನೇ ಇನ್ನೊಮ್ಮೆ ಅಳೆದು, ಕತ್ತರಿಯ ಬಾಯಿ ತೆರೆದು ಬಟ್ಟೆಯ ಅಂಚಿಗೆ ತಂದು ನಿಲ್ಲಿಸುತ್ತಿದ್ದರು. ಆಮೇಲೆ ತಲೆಯೆತ್ತಿ, ಎದುರಿಗಿದ್ದವರು ಯಾರೇ ಆಗಿರಲಿ, "ಕತ್ತರ್ಸ್ಲಕ್ಕಾ?" ಎಂದು ಕೇಳುತ್ತಿದ್ದರು. ಬಸ್ಸಿಗೆ ಕಾಯುವವರು, ಮೀನಿನ ಬುಟ್ಟಿ ಇಳಿಸಿ ಸೊಂಟ ನೆಟ್ಟಗೆ ಮಾಡಿಕೊಳ್ಳುವ ಹೆಂಗಸು, ಅಂಚೆಯವರು, ಯಾರಾದರೂ ಸರಿ. "ಅಕ್ಕ್, ಕತ್ತರ್ಸಿ", ಆಗಬಹುದು ಎಂದು ಅವರು ಹೇಳಿದರೆ ಮಾತ್ರ ಕತ್ತರಿ ಮುಂದೆ ಹೋಗುತ್ತಿತ್ತು. ಯಾರೂ ಇಲ್ಲದ ಹೊತ್ತಿನಲ್ಲಿ ಬಟ್ಟೆ ಮೇಜಿನ ಮೇಲೆ ಹಾಗೇ ಕಾಯುತ್ತಿತ್ತು.

ಒಮ್ಮೆ ನಾನು ತಮಾಷೆಗೆ "ಬ್ಯಾಡ" ಅಂದೆ. ಅವರು ಬಟ್ಟೆ ಮಡಚಿ ಇಟ್ಟೇಬಿಟ್ಟರು.

"ಅಕ್ಕ, ನಾ ತಮಾಷಿಗ್ ಹೇಳದ್ ಮರಾಯ್ರೆ."

"ತಮಾಷಿಯೋ ಎಂತದೋ. ಬಾಯಲ್ ಬ್ಯಾಡ ಅಂದ್ ಬಂತಲ್ದಾ? ಇದನ್ ನಾಳಿಗ್ ಕಾಂಬ."

ಅವರು ತೀರಿಕೊಂಡ ಸುದ್ದಿ ನನಗೆ ಕೋಟದಲ್ಲಿ ಬಸ್ಸಿಗೆ ನಿಂತಿದ್ದಾಗ ಸಿಕ್ಕಿತು. ಹೇಳಿದವರಿಗೂ ಹೆಸರು ಬಾಯಿಗೆ ಬರಲಿಲ್ಲ. "ತೆಕ್ಕಟ್ಟೆ ಟೈಲರಕ್ಕ ಹೋಯ್ರ್ ಅಂಬ್ರಲೆ" ಅಂದರು. ಇಲ್ಲಿ ನಾನೂ ಹೆಸರು ಬರೆಯುವುದಿಲ್ಲ. ತನ್ನ ಅಂಗಡಿಯ ಹಲಗೆಯ ಮೇಲೆ ಹೆಸರು ಬರೆಸಲೂ ಅವರಿಗೆ ಹೆದರಿಕೆಯಿತ್ತು. ಬೋರ್ಡಿನಲ್ಲಿ "ಟೈಲರ್" ಎಂದಷ್ಟೇ ಇತ್ತು. ಹೆಸರು ಹಾಕಿಸಿ ಎಂದರೆ, "ಹೊಲಿಗಿ ಕೆಟ್ರೆ ಹೆಸ್ರ್ ಹಿಡ್ದ್ ಬೈತ್ರ್. ಈಗಾರೆ ಬರೀ ಟೈಲರಿಗ್ ಬೈತ್ರ್" ಅನ್ನುತ್ತಿದ್ದರು.

ನಾನು ಕೋಟದ ಹತ್ತಿರದ ಒಂದು ಶಾಲೆಯಲ್ಲಿ ಪ್ಯೂನ್ ಆಗಿದ್ದೆ. ಮನೆ ತೆಕ್ಕಟ್ಟೆ. ಬೆಳಿಗ್ಗೆ ಸಂಜೆ ಅವರ ಅಂಗಡಿಯ ಎದುರೇ ಬಸ್ಸು ಹತ್ತಿ ಇಳಿಯುವುದು. ಸಣ್ಣವನಿದ್ದಾಗ ಶಾಲೆ ಬಿಟ್ಟಿದ್ದ ನಾನು ಮೂವತ್ತು ದಾಟಿದ ಮೇಲೆ ಹತ್ತನೇ ತರಗತಿ ಪರೀಕ್ಷೆಗೆ ಕಟ್ಟಿದೆ. ಬಸ್ಸು ತಡವಾದ ದಿನ ಅವರ ಅಂಗಡಿಯ ಬೆಂಚಿನ ಮೇಲೆ ಕೂತು ಓದುತ್ತಿದ್ದೆ. ಅವರು ಮಿಷನ್ ತುಳಿಯುತ್ತಾ, "ಜೋರಾಯ್ ಓದ್ ತಮ್ಮ, ನಾನೂ ಕೇಂತೆ" ಅನ್ನುತ್ತಿದ್ದರು. ನನಗಿಂತ ನನ್ನ ಪರೀಕ್ಷೆಯ ಚಿಂತೆ ಅವರಿಗೇ ಹೆಚ್ಚು. ಹಳೆಯ ಅಂಗಿ ಹಾಕಿಕೊಂಡು ಪರೀಕ್ಷೆಗೆ ಹೋಗಬಾರದು ಎಂದು ಒಂದು ಬಿಳಿ ಅಂಗಿ ಹೊಲಿದು ಕೊಟ್ಟರು. ಮೊದಲ ಪರೀಕ್ಷೆಯ ದಿನ ಬೆಳಿಗ್ಗೆ ನಾನು ಬಸ್ಸು ಹತ್ತುವ ಹೊತ್ತಿಗೆ ಸೂಜಿ ನೂಲು ಹಿಡಿದುಕೊಂಡು ಓಡಿ ಬಂದರು.

"ತಮ್ಮ, ನಿಲ್ಲ್! ಕಿಸಿಗ್ ಪೆನ್ ಹಾಯ್ಕಂಡ್ ಒಂದ್ ಸಲ ಬಗ್ಗ್ ಕಾಂಬ."

"ಅಕ್ಕ, ಬಸ್ ಬಿಡ್ತ್ರ್."

"ಬಿಡ್ಲಿ. ಕಿಸಿ ಆಳ ಸಾಕಾ ಇಲ್ಯಾ ಅಂದ್ ನಂಗ್ ನಿದ್ರಿಯೇ ಬರ್ಲಿಲ್ಲೆ. ಬರೀವತಿಗೆ ಪೆನ್ ಬಿದ್ದ್ ನಿಬ್ ಹೋದ್ರೆ ಎಂತ ಮಾಡ್ತೆ ನೀನ್?"

ಕಂಡಕ್ಟರ್ ಸೀಟಿ ಊದುತ್ತಿದ್ದ. ನಾನು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಎಲ್ಲರೆದುರು ಬಗ್ಗಿದೆ. ಪೆನ್ನು ಬೀಳಲಿಲ್ಲ. ಆಮೇಲೆಯೇ ಅವರ ಮುಖಕ್ಕೆ ಬಣ್ಣ ಬಂದದ್ದು.

ಮದುವೆಯ ರವಿಕೆ ಹೊಲಿದರೆ ಅವರಿಗೆ ಅದಕ್ಕಿಂತ ದೊಡ್ಡ ಸಂಕಟ. ಕರೆ ಇರಲಿ ಇಲ್ಲದಿರಲಿ, ಆ ಮದುವೆಗೆ ಹೋಗುತ್ತಿದ್ದರು. ಮದುಮಗಳ ಚಿನ್ನ ನೋಡುತ್ತಿರಲಿಲ್ಲ, ಮದುಮಗನನ್ನು ನೋಡುತ್ತಿರಲಿಲ್ಲ. ಕಂಕುಳ ಹೊಲಿಗೆಯ ಮೇಲೆಯೇ ಕಣ್ಣು. ಹಾರ ಹಾಕಲು ಹುಡುಗಿ ಕೈ ಎತ್ತುವಾಗ ಇವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಪಕ್ಕದಲ್ಲಿದ್ದ ನನ್ನ ಹೆಂಡತಿಯನ್ನು ತಿವಿದು, "ಹರೀತಾ? ಹರೀತಾ ಹೇಳ್!" ಅನ್ನುವರು. ಹರಿದದ್ದು ನಾನು ಒಮ್ಮೆಯೂ ಕೇಳಿಲ್ಲ. ಅದರಿಂದ ಅವರ ಹೆದರಿಕೆ ಕಡಿಮೆಯಾದದ್ದನ್ನೂ ಕಾಣಲಿಲ್ಲ.

ಅವರ ಅಪ್ಪ ಯಕ್ಷಗಾನದ ವೇಷಧಾರಿ ಆಗಿದ್ದರು, ಊರು ಕೆರಾಡಿ, ಇಷ್ಟು ನನಗೆ ಗೊತ್ತಿತ್ತು. ಅಪ್ಪ ಹೋದ ಮೇಲೆ ಅವರ ವೇಷದ ಪೆಟ್ಟಿಗೆ ಅಣ್ಣನ ಮನೆಯಲ್ಲಿ ಉಳಿದಿತ್ತು. ನೆನಪಿಗೆ ಒಂದು ಕಸೆ ಸೀರೆ ಕೊಡು ಎಂದು ಇವರು ಕೇಳಿದ್ದರಂತೆ. ಪುರುಷವೇಷದವರು ಉಡುವ ದಪ್ಪ ಹತ್ತಿಯ ಚೌಕುಳಿ ಸೀರೆ ಅದು. "ಹೆಣ್ಮಕ್ಕಳಿಗೆ ವೇಷದ್ ಬಟ್ಟಿ ಎಂತಕ್?" ಎಂದು ಅಣ್ಣ ಬರಿಗೈಯಲ್ಲಿ ಕಳಿಸಿದರಂತೆ. ಅಲ್ಲಿಂದ ಮುಂದೆ ಮದುವೆ ಮುಂಜಿಗೆ ಬಿಟ್ಟರೆ ಇವರು ಆ ಮನೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಹೋದಾಗಲೂ ಅಣ್ಣ ತಂಗಿಗೆ ಮಾತಿಲ್ಲ. ಇದನ್ನು ಹೇಳುವಾಗಲೂ ಮಿಷನ್ ನಿಲ್ಲಿಸದೆ ಹೇಳಿದ್ದರು. ಹೇಳಿ ಮುಗಿದ ಮೇಲೆ ಮಾತ್ರ, ಹೊಲಿದದ್ದನ್ನೆಲ್ಲ ಬಿಚ್ಚಿ ಮತ್ತೆ ಹೊಲಿದರು.

ನಮ್ಮ ಶಾಲೆಗೆ ಒಬ್ಬರು ಇಂಗ್ಲಿಷ್ ಟೀಚರು ಹೊಸದಾಗಿ ಬಂದರು. ಊಟಿಯ ಕಡೆ ಯಾವುದೋ ಬೋರ್ಡಿಂಗ್ ಶಾಲೆಯಲ್ಲಿ ಓದಿದವರು. ಅಲ್ಲಿ ಅವರು ಸಣ್ಣವರಿದ್ದಾಗ ಸ್ಕಾಟ್ಲೆಂಡಿನ ಕುಣಿತ ಕಲಿತಿದ್ದರಂತೆ. ಆ ವರ್ಷ ಸ್ಕೂಲ್ ಡೇಗೆ ನಮ್ಮ ಮಕ್ಕಳಿಂದಲೂ ಅದನ್ನು ಮಾಡಿಸಬೇಕು ಎಂದು ಅವರಿಗೆ ಆಸೆ. ಡ್ರೆಸ್ಸು ಯಾರು ಹೊಲಿಯುತ್ತಾರೆ ಎಂದು ಕೇಳಿದಾಗ ಟೈಲರಕ್ಕನ ಹೆಸರು ಹೇಳಿದವನು ನಾನೇ.

ಟೀಚರು ಒಂದು ಬಣ್ಣದ ಚಿತ್ರ ತಂದು ಅಂಗಡಿಯ ಮೇಜಿನ ಮೇಲಿಟ್ಟರು. ಮೀಸೆ ಹೊತ್ತ ಗಂಡಸರು ಮೊಣಕಾಲಿನವರೆಗೆ ಚೌಕುಳಿ ಲಂಗ ಉಟ್ಟು, ಒಂದು ಕೈ ಮೇಲೆತ್ತಿ ತುದಿಗಾಲಲ್ಲಿ ನಿಂತಿದ್ದರು.

"ಹುಡುಗಿಯರಿಗೆ ಬಿಳಿ ಫ್ರಾಕು, ಹೆಗಲ ಮೇಲೆ ಚೌಕುಳಿ ಪಟ್ಟಿ ಅಷ್ಟೇ. ನಾಲ್ಕು ಹುಡುಗರಿಗೆ ಮಾತ್ರ ಈ ಲಂಗ ಬೇಕು ಅಕ್ಕ. ಹಿಂದಿನ ನಿರಿಗೆ ನೋಡಿ, ಎಷ್ಟು ಭಾರವಾಗಿ ಬಿದ್ದಿದೆ. ಹಾಗೇ ಬೀಳಬೇಕು."

ಟೈಲರಕ್ಕ ಚಿತ್ರವನ್ನು ಬೆಳಕಿಗೆ ಹಿಡಿದರು. "ಈ ಚೌಕುಳಿ ಎಲ್ಲರಿಗೂ ಒಂದೇ ಬಣ್ಣ ಅಲ್ದಲೆ ಟೀಚರೆ?"

"ಇಲ್ಲ. ಅಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಚೌಕುಳಿ. ಬಟ್ಟೆ ನೋಡಿಯೇ ಯಾರ ಮನೆಯವರು ಅಂತ ಹೇಳಬಹುದಂತೆ."

"ಬಟ್ಟಿ ಕಂಡ್ ಮನಿ ಹೇಳುದಾ?" ಎಂದು ಕೇಳಿ ಚಿತ್ರವನ್ನು ಇನ್ನೊಮ್ಮೆ ನೋಡಿದರು. ಆ ಮಾತು ಅವರೊಳಗೆ ಎಲ್ಲಿಯೋ ಹೋಗಿ ಕೂತದ್ದು ನನಗೆ ಆಗ ಗೊತ್ತಾಗಲಿಲ್ಲ.

ಕುಂದಾಪುರದ ಜವಳಿ ಅಂಗಡಿಯಿಂದ ಚೌಕುಳಿ ಟೆರಿಕಾಟ್ ಬಟ್ಟೆ ತಂದೆವು. ಒಂದು ಲಂಗ ಹೊಲಿದು ಒಬ್ಬ ಹುಡುಗನಿಗೆ ಉಡಿಸಿ ಶಾಲೆಯ ಅಂಗಳದಲ್ಲಿ ಕುಣಿಸಿದರು. ಅವನು ಒಂದು ಸುತ್ತು ತಿರುಗಿದ್ದೇ ಲಂಗ ಕೊಡೆಯ ಹಾಗೆ ಬಿಚ್ಚಿಕೊಂಡು ಮೇಲೆದ್ದಿತು. ಕೆಳಗಿನ ಚಡ್ಡಿ ಇಡೀ ಶಾಲೆಗೆ ಕಂಡಿತು. ಮಕ್ಕಳು ನಕ್ಕ ಗಲಾಟೆಗೆ ಆ ಹುಡುಗ ಮರುದಿನ ಶಾಲೆಗೇ ಬರಲಿಲ್ಲ. ಮಂಗಳೂರಿಂದ ಬೇರೆ ಬಟ್ಟೆ ತರಿಸಿದರು. ಅದು ಇನ್ನೂ ಮಿಂಚುತ್ತಿತ್ತು, ಇನ್ನೂ ಹಾರುತ್ತಿತ್ತು. ಎಷ್ಟು ಇಸ್ತ್ರಿ ಮಾಡಿದರೂ ನಿರಿಗೆ ನಿಲ್ಲಲಿಲ್ಲ.

"ಆಗದಿದ್ದರೆ ಬಿಡೋಣ ಅಕ್ಕ, ಹುಡುಗಿಯರು ಮಾತ್ರ ಕುಣಿಯಲಿ" ಎಂದು ಟೀಚರು ಮೆತ್ತಗೆ ಹೇಳಿದರು. ಬೈದಿದ್ದರೆ ಇವರಿಗೆ ಅಷ್ಟು ನಾಟುತ್ತಿರಲಿಲ್ಲವೇನೋ. ಅವತ್ತು ಸಂಜೆ ಅಂಗಡಿಗೆ ಹೋದಾಗ ಇವರು ಆ ಟೆರಿಕಾಟ್ ಲಂಗವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು.

ಅದೇ ಹೊತ್ತಿಗೆ ಕುಣಿಯುವ ಹುಡುಗರಲ್ಲಿ ಒಬ್ಬನ ತಂದೆ ಬಂದರು. ಮುಂಬೈಯಲ್ಲಿ ಹೋಟೆಲು ಇದ್ದವರು, ರಜೆಗೆ ಊರಿಗೆ ಬಂದಿದ್ದರು. ಅಂಗಡಿಯ ಮೆಟ್ಟಿಲ ಮೇಲೇ ನಿಂತು ಶುರು ಮಾಡಿದರು.

"ಹ್ವಾಯ್ ಟೈಲರಕ್ಕ, ನಮ್ ಮಾಣಿಗೆ ಲಂಗ ಹೊಲಿತ್ರಿ ಅಂಬ್ರಲೆ? ಜಡಿಯೂ ಹಾಕ್ಸ್ತ್ರಿಯಾ? ಮೂಗ್ತಿ ಎಲ್ಲ್ ಚುಚ್ಸುದ್ ಹೇಳಿ, ಕರ್ಕಂಡ್ ಬತ್ತೆ."

ಯಾವಾಗಲೂ ಗಿರಾಕಿಗಳಿಗೆ ಹೆದರುವ ಇವರು ಆ ದಿನ ಎದ್ದು ನಿಂತರು.

"ಲಂಗ ಅಲ್ಲ ಮರಾಯ್ರೆ! ನಿಮ್ಮಜ್ಜ ನಮ್ಮಪ್ಪಯ್ಯನ ಒಟ್ಟಿಗೆ ಮೇಳದಲ್ ಸೀರಿ ಉಟ್ಕಂಡೇ ಕುಣಿದದ್ದ್. ಆಗ ನೀವ್ ಎದ್ರ್ ಚಾಪಿ ಮೇಲ್ ಕೂಕಂಡ್ ಬಾಯ್ ಬಿಟ್ಕಂಡ್ ಕಾಂತಿದ್ರಿ. ಅವತ್ತ್ ನಿಮ್ಮಜ್ಜನಿಗ್ ಜಡಿ ಹಾಕ್ಸಿದ್ರ್ಯಾ?"

ಆ ಮನುಷ್ಯ ನಕ್ಕುಬಿಟ್ಟರು. "ಬಾಯಿಗ್ ಮಾತ್ರ ಹೊಲಿಗಿ ಇಲ್ಲೆ ನಿಮ್ಗೆ" ಎಂದು ಹೋದರು. ಆದರೆ ಟೈಲರಕ್ಕ ನಗಲಿಲ್ಲ. ತಾವು ಆಡಿದ ಮಾತನ್ನು ತಾವೇ ಕೇಳಿಸಿಕೊಂಡವರ ಹಾಗೆ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ತಮ್ಮ, ಕಸಿ ಸೀರಿಯ ನಿರಿ ಹಾರುದಿಲ್ಲೆ" ಅಂದರು. "ಅಪ್ಪಯ್ಯ ಎಷ್ಟ್ ಹಾರಿ ಕುಣಿದ್ರೂ ಹಾರ್ತಿರ್ಲಿಲ್ಲೆ. ಬಣ್ಣವೂ ಚೌಕುಳಿಯೇ. ಆದ್ರೆ ನಾಕ್ ಸೀರಿ ಇಪ್ಪುದ್ ಒಂದೇ ಕಡಿ."

ಆ ಕಡೆ ಯಾವುದೆಂದು ಅವರು ಹೇಳಬೇಕಿರಲಿಲ್ಲ.

ಭಾನುವಾರ ಕೆರಾಡಿಗೆ ಹೋದೆವು. ಒಬ್ಬರೇ ಹೋಗಲು ಧೈರ್ಯ ಇರಲಿಲ್ಲ, ಅದಕ್ಕೆ ನಾನು. ಬಸ್ಸಿಳಿದು ಗದ್ದೆಯ ಅಂಚಿನಲ್ಲಿ ನಡೆಯುವಾಗ ಎರಡು ಸಲ ನಿಂತು, "ವಾಪಾಸ್ ಹೋಪನಾ?" ಎಂದು ಕೇಳಿದರು. ಅಣ್ಣ ಜಗಲಿಯಲ್ಲಿ ಕೂತು ಗದ್ದೆಗೆ ಹಾಕಿಕೊಳ್ಳುವ ಅಡಿಕೆ ಹಾಳೆಯ ಟೋಪಿ, ಮುಟ್ಟಾಳೆ, ಸರಿ ಮಾಡುತ್ತಿದ್ದರು. ಕಂಡೂ ಎದ್ದೇಳಲಿಲ್ಲ. ಅತ್ತಿಗೆ ಬೆಲ್ಲ ನೀರು ತಂದಿಟ್ಟರು. ಇವರು ಬಂದ ಕಾರಣ ಹೇಳಿದರು. ಮುಗಿದ ಮೇಲೆ ಅಣ್ಣ ನನ್ನನ್ನು ನೋಡಿ ಉತ್ತರ ಕೊಟ್ಟರು.

"ನೀವ್ ಶಾಲಿಯವ್ರಲ್ದಾ? ನಿಮ್ ಟೈಲರಿಗ್ ಕೇಣಿ, ಸ್ಕಾಟ್ಲೆಂಡಿನವ್ರಿಗೂ ನಮ್ಮಪ್ಪಯ್ಯನಿಗೂ ಎಂತ ಸಂಬಂಧ ಅಂದ್."

ನಾನು ಅವರ ಮುಖ, ಇವರ ಮುಖ ನೋಡಿದೆ.

"ಸಂಬಂಧ ಇಲ್ಲೆ ಅಣ್ಣಯ್ಯ" ಅಂದರು ಟೈಲರಕ್ಕ. "ಅಲ್ಲಿ ಬಟ್ಟಿಯ ಚೌಕುಳಿ ಕಂಡ್ ಇವ್ರ್ ಯಾರ್ ಮನಿಯವ್ರ್ ಅಂದ್ ಹೇಳ್ತ್ರ್ ಅಂಬ್ರ್. ನಮ್ ಮನಿ ಚೌಕುಳಿ ಅದೇ ಅಲ್ದಾ? ಮತ್ತ್ ಎಂತ ಇತ್ತ್ ನಮ್ಗೆ?"

ಅಣ್ಣ ಮುಟ್ಟಾಳೆ ಕೆಳಗಿಟ್ಟರು. "ನಿಮ್ ಟೈಲರ್ ಅದನ್ ಕತ್ತರ್ಸಿ ಚಡ್ಡಿ ಮಾಡ್ತ್ರ್ ಅಂದ್ ಹೇಳಿ."

ಅಷ್ಟರಲ್ಲಿ ಒಳಗಿನಿಂದ ಅತ್ತಿಗೆಯ ದನಿ ಬಂತು. "ಪೆಟ್ಟಿಗಿಯೊಳ್ಗ್ ಇಟ್ಟ್ ಹುಳ ತಿನ್ಸುದಕ್ಕಿಂತ ಮಕ್ಕಳ್ ಉಟ್ರೆ ಒಳ್ಳೇದಲ್ದಾ? ನೀವಂತೂ ಆ ಬೀಗ ತೆಗುದಿಲ್ಲೆ, ತೆಗುಕೂ ಬಿಡುದಿಲ್ಲೆ."

ಆಮೇಲೆ ಅಣ್ಣ ಸೊಂಟದಿಂದ ಬೀಗದ ಕೈ ತೆಗೆದು ಹೆಂಡತಿಯ ಕೈಗೆ ಕೊಟ್ಟರು. ತಾವು ಒಳಗೆ ಬರಲಿಲ್ಲ, ಜಗಲಿಯಿಂದಲೇ ಹೇಳಿದರು.

"ಕತ್ತರಿ ಮುಟ್ಸುಕಾಗ. ಸ್ಕೂಲ್ ಡೇಗೆ ನಾನೇ ಬತ್ತೆ, ಕುಣಿತ ಮುಗ್ದ್ ಕೂಡ್ಲೆ ತಕಂಡ್ ಹೋತೆ. ಒಂದ್ ನೂಲ್ ಹರ್ದ್ರೂ ನಂಗ್ ಗೊತ್ತಾತ್ತ್. ಹರ್ದ್ರೆ ಮತ್ತ್ ಈ ಮೆಟ್ಲ್ ಹತ್ತುಕಾಗ ಅಂದ್ ಹೇಳಿ ಅವಳಿಗೆ."

ನಾನು ಹೇಳಬೇಕಾಗಿರಲಿಲ್ಲ. ಅವರು ಪೆಟ್ಟಿಗೆಯ ಎದುರು ಕೂತು ಕೇಳಿಸಿಕೊಂಡಿದ್ದರು. ಮುಚ್ಚಳ ತೆಗೆದಾಗ ನುಸಿ ಗುಳಿಗೆಯ ವಾಸನೆ ಬಂತು, ಅದರ ಹಿಂದೆಯೇ ಹಳೆಯ ಬಣ್ಣದ ವಾಸನೆ. ಕೆಂಪು, ಹಳದಿ, ಕಪ್ಪು ಚೌಕುಳಿ. ಅವರು ಕೂಡಲೇ ಮುಟ್ಟಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು.

ಬಸ್ಸಿನಲ್ಲಿ ಆ ಗಂಟನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದರು. ಕಂಡಕ್ಟರ್ ನೋಡಿ, "ಎಂತ ಅಕ್ಕ, ಮಗುವಾ? ಅರ್ಧ ಟಿಕೇಟ್ ಆತ್ತ್ ಕಾಣಿ" ಎಂದ. ಇವರು ನಿಜವಾಗಿಯೂ ಚೀಲಕ್ಕೆ ಕೈ ಹಾಕಿದರು. ಅವನು ನಗುತ್ತಾ ಮುಂದೆ ಹೋದ. ಅರ್ಧ ದಾರಿ ಬಂದ ಮೇಲೆ ಒಮ್ಮೆಲೇ ನನ್ನ ತೋಳು ಹಿಡಿದರು.

"ತಮ್ಮ, ಕತ್ತರಿ ಮುಟ್ಸುಕಾಗ ಅಂದ. ಸೂಜಿ?"

"ಸೂಜಿಯ ಬಗ್ಗೆ ಎಂತದೂ ಹೇಳ್ಲಿಲ್ಲೆ ಅಕ್ಕ."

"ಹೇಳ್ಲಿಲ್ಲೆ ಅಂದ್ರೆ ಅಕ್ಕ್ ಅಂದೋ, ಆಗ ಅಂದೋ? ಸೂಜಿ ಚುಚ್ಚಿರೂ ನೂಲ್ ಹರಿತ್ತಲ್ದಾ?"

ಅವರು ಕಿಟಕಿಯ ಹೊರಗೆ ನೋಡುತ್ತಾ ಕೂತರು. ತೆಕ್ಕಟ್ಟೆ ಬರುವಷ್ಟರಲ್ಲಿ ಸೂಜಿಯೂ ಬೇಡ ಎಂದು ತೀರ್ಮಾನಿಸಿದ್ದರು.

ಹೀಗೆ ಇಡೀ ಜೀವನ ಹೊಲಿದವರು, ಎಲ್ಲಕ್ಕಿಂತ ಹೆಚ್ಚು ಹೆದರಿದ ಕೆಲಸವನ್ನು ಒಂದು ಹೊಲಿಗೆಯೂ ಇಲ್ಲದೆ ಮಾಡಿದರು. ಸೀರೆಯನ್ನು ಅಗಲಕ್ಕೆ ಎರಡಾಗಿ ಮಡಚಿ, ಒಂದೊಂದೇ ನಿರಿ ಹಿಡಿದು, ಹಿಂದಕ್ಕೆ ತಂದು, ಸೊಂಟಕ್ಕೆ ಲಾಡಿ ಬಿಗಿದು, ಮೇಲೆ ಅಗಲದ ಬೆಲ್ಟು. ಹುಡುಗರಿಗೆ ಉಡಿಸುವ ಮೊದಲು ನನಗೇ ಉಡಿಸಿ ನೋಡಿದರು. ಪ್ಯಾಂಟಿನ ಮೇಲೆ ಕಸೆ ಸೀರೆ ಸುತ್ತಿಕೊಂಡು ನಾನು ಅಂಗಡಿಯ ನಡುವೆ ಕೈ ಅಗಲ ಮಾಡಿ ನಿಂತಿದ್ದೆ. ದಾರಿಯಲ್ಲಿ ಹೋಗುತ್ತಿದ್ದ ಮೀನಿನ ಹೆಂಗಸು ಬುಟ್ಟಿ ಹೊತ್ತೇ ನಿಂತರು.

"ಹ್ವಾಯ್ ಪ್ಯೂನಣ್ಣ! ಯಾವ್ ಮೇಳಕ್ ಸೇರ್ದ್ರಿ? ಎಂತ ಪಾರ್ಟ್?"

"ಸುಮ್ನಿರಿ ಮರಾಯ್ರೆ, ನೀವ್ ಮಾತಾಡ್ರೆ ನಂಗ್ ನಿರಿ ತಪ್ಪುತ್ತ್" ಎಂದು ಟೈಲರಕ್ಕ ಬಾಯಲ್ಲಿ ಲಾಡಿ ಕಚ್ಚಿಕೊಂಡೇ ಹೇಳಿದರು.

ನಾನು ಹಾರಿದೆ, ತಿರುಗಿದೆ. ಸೀರೆ ಮೇಲೇಳಲಿಲ್ಲ. ನಿರಿಗೆ ಒಮ್ಮೆ ತೂಗಿ ಮತ್ತೆ ತನ್ನ ಜಾಗಕ್ಕೆ ಬಂದು ಬಿತ್ತು. ನೋಡಲು ಬಂದಿದ್ದ ಟೀಚರು ಚಪ್ಪಾಳೆ ತಟ್ಟಿದರು. "ಇದನ್ನು ಯಾರು ಕಲಿಸಿದ್ದು ಅಕ್ಕ ನಿಮಗೆ?" ಎಂದು ಕೇಳಿದರು.

"ಯಾರೂ ಕಲ್ಸ್ಲಿಲ್ಲೆ. ಮನಿಯಲ್ ಕಂಡದ್" ಅಂದರು. ನಿರಿಗೆ ಹಿಡಿಯುವಾಗ ಅವರ ಬೆರಳುಗಳಿಗೆ ಸಂಶಯವೇ ಇರಲಿಲ್ಲ. ಅವರು ಯಾರ ಒಪ್ಪಿಗೆಯನ್ನೂ ಕೇಳದೆ ಮಾಡಿದ ಕೆಲಸ ನಾನು ಕಂಡದ್ದು ಅದೊಂದೇ.

ಸ್ಕೂಲ್ ಡೇಯ ದಿನ ಮಧ್ಯಾಹ್ನದಿಂದ ಅವರು ನೀರು ಕೂಡ ಕುಡಿಯಲಿಲ್ಲ. ಸ್ಟೇಜಿನ ಹಲಗೆಗಳ ಮೇಲೆ ಬರಿಗೈ ಆಡಿಸುತ್ತಾ ಮೊಳೆ ಎದ್ದಿದೆಯೇ ಎಂದು ನೋಡಿದರು. ಕಂಡ ಮೊಳೆಯನ್ನೆಲ್ಲ ನನ್ನಿಂದ ಹೊಡೆಸಿದರು. ಹುಡುಗರಿಗೆ ಉಡಿಸಿದ ಮೇಲೆ ಅವರನ್ನು ಕೂರಲೂ ಬಿಡಲಿಲ್ಲ. "ಅಣ್ಣಯ್ಯ ಬಂದ್ನಾ?" ಎಂದು ಮತ್ತೆ ಮ‌ತ್ತೆ ನನ್ನನ್ನು ಹೊರಗೆ ಕಳಿಸಿದರು. ಕೊನೆಗೆ ಕಂಡೆ. ಬಿಳಿ ಅಂಗಿ, ಹೆಗಲ ಮೇಲೆ ಶಾಲು, ಎರಡನೇ ಸಾಲಿನ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಬಂದಿದ್ದಾರೆ ಎಂದು ಹೇಳಿದ ಮೇಲೆ ಇವರು ಗೋಡೆಗೆ ಒರಗಿದರು.

ಸೂರ್ಯ ಮುಳುಗುವ ಮೊದಲೇ ಆ ಕುಣಿತ. ಟೇಪ್ ರೆಕಾರ್ಡರಿನಲ್ಲಿ ಪುಂಗಿಯಂಥ ವಾದ್ಯ ಶುರುವಾಯಿತು. ಮಕ್ಕಳು ಬಂದು ನಿಂತದ್ದೇ ತಡ, ಹಿಂದಿನ ಸಾಲಿನ ಮುದುಕರೊಬ್ಬರು, "ಹೋ! ಇದ್ ಕಸಿ ಸೀರಿಯಲ್ದಾ!" ಎಂದು ಕೂಗಿದರು. ಜನ ಎದ್ದು ನೋಡಿದರು, ಯಾರೋ ಶಿಳ್ಳೆ ಹಾಕಿದರು. ಹುಡುಗರು ಒಂದು ಕೈ ಎತ್ತಿ ನಿಂತಲ್ಲೇ ಹಾರುತ್ತಿದ್ದರು. ನಿರಿಗೆಗಳು ಒಂದೇ ತೂಕದಲ್ಲಿ ಏಳುತ್ತಿದ್ದವು, ಬೀಳುತ್ತಿದ್ದವು.

ಆಗ ಕಂಡಿತು. ಪರದೆಯ ಪಕ್ಕ ನಾವು ನಿಂತಿದ್ದ ಕಡೆಯ ತುದಿಯಲ್ಲಿದ್ದ ಹುಡುಗನ ಬೆಲ್ಟಿನ ಅಡಿಯಿಂದ ಸೀರೆಯ ಸೆರಗು ಜಾರುತ್ತಿತ್ತು. ಮೊದಲು ಒಂದು ಗೇಣು, ಆಮೇಲೆ ಒಂದು ಮೊಳ. ಅದು ಹಲಗೆಯ ಮೇಲೆ ಬಿತ್ತು. ಹುಡುಗನಿಗೆ ಗೊತ್ತಿಲ್ಲ, ಅವನು ಹಾರುತ್ತಲೇ ಇದ್ದಾನೆ. ಇನ್ನು ಸ್ವಲ್ಪ ಹಿಂದೆ ಸರಿದರೆ ಶೂ ಅದರ ಮೇಲೆಯೇ ಬೀಳುತ್ತದೆ, ಅವನು ಹಾರಿದ ರಭಸಕ್ಕೆ ಸೀರೆ ಪರ್ರೆಂದು ಹೋಗುತ್ತದೆ. ನನಗೆ ಪರದೆ ಎಳೆಯಬೇಕೋ, ಟೇಪು ನಿಲ್ಲಿಸಬೇಕೋ ತಿಳಿಯಲಿಲ್ಲ.

ಟೈಲರಕ್ಕ ಪರದೆಯ ಪಕ್ಕದಲ್ಲಿ ಮಂಡಿಯೂರಿ ಕೂತು, ಕೈ ಚಾಚಿ ಆ ಸೆರಗನ್ನು ಹಿಡಿದುಕೊಂಡರು. ಎಳೆಯಲಿಲ್ಲ. ಹುಡುಗ ಮುಂದೆ ಹೋದರೆ ಬಿಡುತ್ತಿದ್ದರು, ಹಿಂದೆ ಬಂದರೆ ಸುತ್ತಿ ತೆಗೆದುಕೊಳ್ಳುತ್ತಿದ್ದರು. ಅರ್ಧ ಮೈ ಸ್ಟೇಜಿನ ಮೇಲಿತ್ತು, ಊರೆಲ್ಲ ನೋಡುತ್ತಿತ್ತು. ಅವರಿಗೆ ಅದರ ಖಬರು ಇರಲಿಲ್ಲ. ಕುಣಿತ ಮುಗಿಯುವವರೆಗೂ ಹಾಗೇ ಹಿಡಿದಿದ್ದರು. ಜನ ಅದೂ ಕುಣಿತದ್ದೇ ಒಂದು ಭಾಗ ಎಂದುಕೊಂಡು ಚಪ್ಪಾಳೆ ತಟ್ಟಿದರು.

ಹುಡುಗರ ಸೀರೆ ಬಿಚ್ಚಿ ಏಳನೇ ತರಗತಿಯ ಬೆಂಚುಗಳ ಮೇಲೆ ಹಾಸಿದೆವು. ಹೊರಗೆ ಇನ್ನೂ ಬೆಳಕಿತ್ತು, ದೊಡ್ಡ ಮಕ್ಕಳ ನಾಟಕ ಶುರುವಾಗಿತ್ತು. ಅಣ್ಣ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಒಂದೊಂದು ಸೀರೆಯ ಅಂಚನ್ನೂ ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ನೋಡುತ್ತಾ ಹೋದರು. ಇವರು ಕಪ್ಪು ಹಲಗೆಗೆ ಬೆನ್ನು ಕೊಟ್ಟು ನಿಂತಿದ್ದರು. ನಾನು ನಡುವೆ.

ಕೊನೆಯ ಸೀರೆಯನ್ನೂ ನೋಡಿದರು. "ಹರೀಲಿಲ್ಲೆ" ಅಂದರು. ಅಷ್ಟು ಹೇಳಿ ತಿರುಗಿ, ನನ್ನನ್ನು ಬಿಟ್ಟು, ನೇರವಾಗಿ ತಂಗಿಯ ಮುಖ ನೋಡಿದರು.

"ಆದ್ರೆ ನೀ ನಿರಿ ಎಲ್ಲ ಉಲ್ಟಾ ಹಾಕಿದ್ದೆ."

"ಉಲ್ಟಾ?" ಇವರು ತಮ್ಮ ಕೈಗಳನ್ನು ನೋಡಿಕೊಂಡರು. "ಅಪ್ಪಯ್ಯ ಹೀಂಗೇ ಅಲ್ದಾ ಹಾಕ್ತಿದ್ದದ್? ನಾ ಕಂಡಿದ್ದೆ ಅಣ್ಣಯ್ಯ."

"ನೀ ಕಂಡದ್ ಹೌದ್. ಎದ್ರ್ ನಿಂತ್ಕಂಡ್ ಕಂಡದ್. ಮಳಿಗಾಲದಾಗೆ ಸೀರಿ ಒಗ್ದ್ ಅಪ್ಪಯ್ಯ ಚಾವಡಿಲ್ ನಿರಿ ಹಿಡೀವತಿಗೆ ಆಚಿ ತುದಿ ಹಿಡ್ಕಂಬುದ್ ಯಾರ್? ನೀನಲ್ದಾ? ನಾ ಅಪ್ಪಯ್ಯನ ಬೆನ್ನ್ ಹಿಂದ್ ನಿಂತ್ಕಂಡ್ ಕಂಡದ್. ಅಪ್ಪಯ್ಯನ ಬಲಕ್ ಹೋಪುದ್ ನಿನ್ ಎಡಕ್ ಕಾಂತ್ತ್."

ಇವರು ಗಾಳಿಯಲ್ಲಿ ಒಂದು ನಿರಿಗೆ ಹಿಡಿದು ನೋಡಿದರು, ಕೈ ತಿರುಗಿಸಿ ಇನ್ನೊಂದು ಹಿಡಿದರು. ಅರ್ಥವಾದದ್ದೇ ಬೆಂಚಿನ ಮೇಲೆ ಕೂತುಬಿಟ್ಟರು. "ಅಯ್ಯೋ ದೇವ್ರೆ. ಇಡೀ ಊರ್ ಕಂಡಿತಲೆ. ಅಪ್ಪಯ್ಯನ ಮರ್ಯಾದಿ ತೆಗ್ದೆ ನಾನ್." ಕಣ್ಣಲ್ಲಿ ನೀರು ತುಂಬಿತು. ಅಣ್ಣನ ಕಡೆ ನೋಡಿ, "ಒಂದ್ ಸಲ ಸಮ ಹಾಕಿ ತೋರ್ಸ್ ಅಣ್ಣಯ್ಯ. ಕಲೀತೆ. ಇನ್ನ್ ತಪ್ಪುದಿಲ್ಲೆ" ಅಂದರು.

ಅಣ್ಣ ಕಿಟಕಿಯ ಹೊರಗೆ ನೋಡಿದರು. ನಾಟಕದಲ್ಲಿ ಯಾರೋ ಏನೋ ಅಂದು ಜನ ನಗುತ್ತಿದ್ದರು. ನಗು ನಿಲ್ಲುವವರೆಗೆ ಅವರು ಕಾದರು.

"ನಂಗ್ ಬತ್ತಿಲ್ಲೆ."

"ಎಂತ?"

"ನಂಗ್ ಬತ್ತಿಲ್ಲೆ ಅಂದೆ. ಅಪ್ಪಯ್ಯ ಕಲ್ಸ್ತೆ ಅಂದ್ ಕರೀವತಿಗೆಲ್ಲ ನಾ ಹೊಳಿಗ್ ಓಡ್ತಿದ್ದೆ. ಅಪ್ಪಯ್ಯ ಹೋದ್ ಮೇಲ್ ಆ ಪೆಟ್ಟಿಗಿ ನಾ ತೆಗೀಲೇ ಇಲ್ಲೆ. ಯಾರಾರೂ ಬಂದ್, ಇಂಥವ್ರ ಮಗ ಅಲ್ದಾ ನೀನ್, ಒಂದ್ ಕಟ್ಟಿ ತೋರ್ಸ್ ಕಾಂಬ ಅಂದ್ರೆ? ನೀ ಸೀರಿ ಕೇಂಡಾಗ್ಳೂ ಅದೇ ಹೆದ್ರಿಕಿ. ಎಲ್ಲಿ ನನ್ ಹತ್ರ ಕಟ್ಟುಕ್ ಹೇಳ್ತ್ಯೋ ಅಂದ್."

ನಾನು ಹೊರಗೆ ಹೋಗಬೇಕಿತ್ತು. ಆದರೆ ಬಾಗಿಲಿಗೆ ಹೋಗಲು ಅವರಿಬ್ಬರ ನಡುವೆ ದಾಟಬೇಕು. ಗೋಡೆಯ ನಕ್ಷೆ ನೋಡುತ್ತಾ ನಿಂತೆ.

ಟೈಲರಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ಬೆಂಚಿನಿಂದ ಒಂದು ಸೀರೆ ಎತ್ತಿ, ತುದಿ ಹುಡುಕಿ, ಅದನ್ನು ಅಣ್ಣನ ಕೈಗೆ ಕೊಟ್ಟರು.

"ಹಿಡ್ಕೊ."

"ಎಲ್ ನಿಲ್ಲುದ್?"

"ಅಲ್ಲಿ, ಬೋರ್ಡಿನ್ ಹತ್ರ. ಇನ್ನೂ ಹಿಂದ್ ಹೋಗ್. ಬಿಗಿ ಹಿಡಿ ಅಣ್ಣಯ್ಯ, ಸಡ್ಲ ಬಿಟ್ರೆ ನಿರಿ ನಿಲ್ಲುದಿಲ್ಲೆ."

ಅವರು ಹಿಂದೆ ಹಿಂದೆ ಹೋದರು. ಬಿಳಿ ಅಂಗಿಯ ಬೆನ್ನು ಕಪ್ಪು ಹಲಗೆಗೆ ತಾಗುವವರೆಗೂ ಹೋದರು. ಸೀರೆ ಬೆಂಚುಗಳ ಮೇಲೆ ಬಿಗಿಯಾಗಿ ನಿಂತಿತು. ಈ ತುದಿಯಲ್ಲಿ ಟೈಲರಕ್ಕ ನಿರಿ ಹಿಡಿಯಲು ಶುರು ಮಾಡಿದರು, ತಮಗೆ ಬರುವ ಹಾಗೆಯೇ, ಉಲ್ಟಾ. ಒಂದು, ಇನ್ನೊಂದು, ಮತ್ತೊಂದು. ಅಣ್ಣ ಕಣ್ಣು ಕೀಲಿಸಿ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರ ಬೆರಳುಗಳೂ ಸೀರೆಯ ಅಂಚಿನಲ್ಲಿ ಮೆಲ್ಲಗೆ ಮಡಚಿಕೊಂಡವು. ಅದನ್ನು ನೋಡಿಕೊಂಡರು, ತಂಗಿಯ ಕೈ ನೋಡಿದರು, ಮತ್ತೆ ತಮ್ಮ ಬೆರಳು ನೋಡಿಕೊಂಡರು.

"ಹ್ವಾಯ್" ಅಂದರು. "ಇಲ್ಲಿಂದ ಕಂಡ್ರೆ ಸಮ ಇತ್ತಲೆ."